ಮಕ್ಕಳ ತಟ್ಟೆಯಲ್ಲಿ ಬಣ್ಣ

ಮಕ್ಕಳಿಗೆ ಬಣ್ಣದಲ್ಲಿ ಪ್ರೀತಿಯುಂಟೆಂಬುದನ್ನು ಪ್ರಮಾಣಗಳಿಂದ ಸಾಧಿಸಬೇಕಾದ ಅಗತ್ಯವಿಲ್ಲ. ಆದರೆ ಈ ಸಹಜವಾದ ಒಲವನ್ನು ನಮ್ಮ ಅಡುಗೆಯ ಮನೆಗಿಂತ ಮೊದಲು ಅಂಗಡಿಯವನು ಅರಿತುಕೊಂಡನೆಂಬುದು ವಿಷಾದದ ಸಂಗತಿ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಬಾಂಬೆ ಮಿಠಾಯಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ಕೃತಕ ವರ್ಣಗಳನ್ನು ಬಳಸಕೂಡದೆಂದು ಆಜ್ಞೆ ಮಾಡಬೇಕಾಯಿತು. ಪರೀಕ್ಷೆಗೆಂದು ತೆಗೆದ ಮಾದರಿಗಳಲ್ಲಿ, ಬಟ್ಟೆಗೆ ಹಾಕುವ ರೊಡಮೈನ್-ಬಿ ಎಂಬ ಬಣ್ಣವೂ ಕಂಡುಬಂದಿತ್ತು. ಹೀಗಿರಲು, ಬಣ್ಣವನ್ನು ಬಯಸುವ ಮಗುವನ್ನು ಗದರಿಸಿ ಪ್ರಯೋಜನವೇನು? ಮಗುವಿನ ಬಯಕೆ ತಪ್ಪಲ್ಲ. ಅದಕ್ಕೆ ನಾವು ಒದಗಿಸುವ ವಸ್ತು ಯಾವುದೆಂಬುದೇ ವಿಚಾರಾರ್ಹವಾದ ಪ್ರಶ್ನೆ.

ನಿಸರ್ಗದ ಬಣ್ಣವು ಕೇವಲ ಅಲಂಕಾರವಲ್ಲ. ಗಜ್ಜರಿ, ಪಪ್ಪಾಯಿಗಳ ಹೊಂಬಣ್ಣಕ್ಕೆ ಕೆರೋಟಿನ್ ವರ್ಗದ ದ್ರವ್ಯಗಳು ಕಾರಣ. ಅವುಗಳಲ್ಲಿ ಬೀಟಾ ಕೆರೋಟಿನ್ ಎಂಬುದನ್ನು ನಮ್ಮ ದೇಹವು 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಮೆಂತ್ಯ, ರಾಜಗಿರಿ, ನುಗ್ಗೆ ಮೊದಲಾದ ಸೊಪ್ಪುಗಳಲ್ಲಿಯೂ ಇದು ಹೇರಳವಾಗಿದೆ; ಎಲೆಯ ಹಸಿರು ಅದನ್ನು ಮರೆಮಾಡಿರುವುದರಿಂದ ನಮ್ಮ ಕಣ್ಣಿಗೆ ಕಾಣದು, ಅಷ್ಟೆ. ಈ ಜೀವಸತ್ವದ ಕೊರತೆಯಾದ ಮಕ್ಕಳಿಗೆ ಮೊದಲು ಸಂಜೆಗತ್ತಲೆಯಲ್ಲಿ ಕಣ್ಣು ಕಾಣದಾಗುತ್ತದೆ. ಕೊರತೆ ತೀವ್ರವಾದರೆ ದೃಷ್ಟಿಯೇ ನಷ್ಟವಾಗಬಹುದು. ಟೊಮ್ಯಾಟೋವಿನ ಕೆಂಪು, ಬದನೆಯ ಸಿಪ್ಪೆಯ ನೇರಳೆ, ಇವು ಬೇರೆ ಬೇರೆ ದ್ರವ್ಯಗಳ ಗುರುತುಗಳು. ಒಂದು ಬಣ್ಣದಲ್ಲಿಲ್ಲದ ಗುಣವನ್ನು ಮತ್ತೊಂದು ಬಣ್ಣವು ತುಂಬಿಕೊಡುವುದರಿಂದಲೇ ತಟ್ಟೆಯಲ್ಲಿ ಹಲವು ಬಣ್ಣಗಳಿರಬೇಕೆಂದು ಹೇಳುವುದು. ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನವೊಂದಕ್ಕೆ ಕನಿಷ್ಠ 250 ಗ್ರಾಂ, ಆರರಿಂದ ಒಂಬತ್ತು ವರ್ಷದವರಿಗೆ 350 ಗ್ರಾಂ ತರಕಾರಿ ಹಣ್ಣುಗಳು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿದೆ.

ಇದಕ್ಕೆ ದೂರದ ದೇಶಗಳ ದುಬಾರಿ ಹಣ್ಣುಗಳೇ ಬೇಕೆಂದು ಕೆಲವರು ಭಾವಿಸಿದ್ದಾರೆ. ಅಂಥವರು ಭೀಮಾತೀರದ ಅಗರಖೇಡದಂಥ ಹಳ್ಳಿಯ ಊಟವನ್ನು ಒಮ್ಮೆ ನೋಡಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಈ ಸೀಮೆ ಮಳೆ ಕಡಮೆಯಾದ ಬಯಲು. ಬಿಳಿಯ ಜೋಳ ಇಲ್ಲಿಯ ಜೀವಾಳ. ಆ ಬಿಳಿಯ ರೊಟ್ಟಿಯ ಸುತ್ತ ಎಷ್ಟು ಬಣ್ಣಗಳು! ಪುಂಡಿಪಲ್ಯ, ಹಸಿಯಾಗಿಯೇ ತಿನ್ನುವ ಮೆಂತ್ಯ, ಯಾರೂ ಬಿತ್ತದೆ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ, ನೇರಳೆಯ ಎಣ್ಣೆಗಾಯಿ, ಕೆಂಪು ಉಳ್ಳಾಗಡ್ಡಿ, ಕಪ್ಪು ಗುರೆಳ್ಳಿನ ಹಿಂಡಿ, ಹೆಸರಾಂತ ಇಂಡಿಯ ಲಿಂಬೆ. ಈ ಜೋಡಣೆಯಲ್ಲಿ ರುಚಿಯ ಜೊತೆಗೆ ಶಾಸ್ತ್ರವೂ ಅಡಗಿದೆ. ಕೆರೋಟಿನ್ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ಶೇಂಗಾದ ಹಿಂಡಿಯೂ ಅದರ ಮೇಲೆ ಹಾಕಿದ ಎಣ್ಣೆಯೂ ಅದನ್ನು ಒದಗಿಸುತ್ತವೆ. ಸೊಪ್ಪು ಕಾಳುಗಳಲ್ಲಿನ ಕಬ್ಬಿಣದ ಅಂಶ ಸುಲಭವಾಗಿ ಹೀರಲ್ಪಡುವಂಥದಲ್ಲ. ಲಿಂಬೆಯ 'ಸಿ' ಜೀವಸತ್ವ ಅದಕ್ಕೆ ನೆರವಾಗುತ್ತದೆ.

ಎಲ್ಲವೂ ಸರಿ, ಆದರೆ ಮಗು ತಿನ್ನಬೇಕಲ್ಲ! ಶ್ರೋತೃಗಳಲ್ಲಿ ಅನೇಕರ ಅಳಲು ಇದೇ ಎಂಬುದನ್ನು ನಾವು ಬಲ್ಲೆವು. ಎರಡು ವರ್ಷದಿಂದ ಆರು ವರ್ಷದವರೆಗಿನ ಮಕ್ಕಳಲ್ಲಿ ಹೊಸ ತಿನಿಸನ್ನು ಕಂಡು ಹಿಂಜರಿಯುವ ಸ್ವಭಾವ ಪ್ರಬಲವಾಗಿರುತ್ತದೆ. ಕಹಿಯೂ ಅವರಿಗೆ ಹಿರಿಯರಿಗಿಂತ ಹೆಚ್ಚಾಗಿ ತೋರುತ್ತದೆ. ಇದು ಹಟವಲ್ಲ, ಪ್ರಕೃತಿ. ಅಮೆರಿಕೆಯ ಲೀಯನ್ ಬರ್ಚ್ ಎಂಬ ಮನಶ್ಶಾಸ್ತ್ರಜ್ಞೆ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ತಿನಿಸನ್ನು ಮತ್ತೆ ಮತ್ತೆ ರುಚಿನೋಡಿದಂತೆಲ್ಲ ಪುಟ್ಟ ಮಕ್ಕಳ ಒಲವು ಹೆಚ್ಚಿತು. ಎರಡು ದಿನ ಬಡಿಸಿ, "ನಮ್ಮ ಮಗುವಿಗೆ ಇದು ಸೇರದು" ಎಂದು ತೀರ್ಪು ಕೊಡುವ ನಾವು ಹತ್ತು ಸಲವಾದರೂ ತಾಳ್ಮೆಯಿಂದಿರಬೇಕು. ಅದೇ ವಿದುಷಿಯೂ ಅವರ ಸಂಗಡಿಗರೂ 1984ರಲ್ಲಿ ಮತ್ತೊಂದು ಸಂಗತಿಯನ್ನು ತೋರಿಸಿದರು: ಬಹುಮಾನದ ಆಸೆ ಹುಟ್ಟಿಸಿ ಸೇವಿಸುವಂತೆ ಮಾಡಿದ ವಸ್ತುವಿನ ಮೇಲಿನ ಒಲವು ಮುಂದೆ ಕುಗ್ಗುತ್ತದೆ. "ಪಲ್ಯ ತಿಂದರೆ ಚಾಕೊಲೇಟು" ಎಂಬ ಕರಾರಿನಿಂದ ಮಗು ಕಲಿಯುವ ಪಾಠವೊಂದೇ: ಪಲ್ಯವೆಂಬುದು ಶಿಕ್ಷೆ, ಚಾಕೊಲೇಟೇ ಪುರುಷಾರ್ಥ.

ಹಾಗಾದರೆ ಮಗುವನ್ನು ಅದರ ಇಚ್ಛೆಗೇ ಬಿಟ್ಟುಬಿಡಬಹುದೆ? ಷಿಕಾಗೋ ನಗರದ ವೈದ್ಯೆ ಕ್ಲಾರಾ ಡೇವಿಸ್ ಇದನ್ನೇ ಪರೀಕ್ಷಿಸಿ 1939ರಲ್ಲಿ ಫಲಿತಾಂಶವನ್ನು ವಿವರಿಸಿದರು. 15 ಮಕ್ಕಳ ಮುಂದೆ ಬಗೆಬಗೆಯ ಸಾದಾ ಆಹಾರಗಳನ್ನಿಟ್ಟು, ಯಾವುದನ್ನೂ ತಿನ್ನೆಂದಾಗಲಿ ಬೇಡವೆಂದಾಗಲಿ ಹೇಳದಂತೆ ದಾದಿಯರಿಗೆ ಅಪ್ಪಣೆ ಮಾಡಲಾಗಿತ್ತು. ಮಕ್ಕಳು ತಮಗೆ ಬೇಕಾದುದನ್ನು ಆರಿಸಿಕೊಂಡು ತಿಂದು ಚೆನ್ನಾಗಿ ಬೆಳೆದರು. ಆದರೆ ಗುಟ್ಟೆಲ್ಲ ಆ ಪಟ್ಟಿಯಲ್ಲಿತ್ತು. ಸಕ್ಕರೆ, ಮೈದಾಗಳ ಭಕ್ಷ್ಯಗಳು ಅದರಲ್ಲಿ ಸೇರಿರಲಿಲ್ಲ. ಇದರಿಂದ ತಿಳಿಯುವ ನೀತಿ ಸ್ಪಷ್ಟ. ಏನನ್ನು, ಯಾವಾಗ ಬಡಿಸಬೇಕೆಂಬುದು ಹಿರಿಯರ ಅಧಿಕಾರ. ಎಷ್ಟು ತಿನ್ನಬೇಕೆಂಬುದು ಮಗುವಿನ ಅಧಿಕಾರ. ಇವೆರಡನ್ನೂ ಅದಲು ಬದಲು ಮಾಡಿಕೊಂಡಾಗಲೇ ಊಟದ ಮನೆ ರಣರಂಗವಾಗುವುದು.

ಪುಸ್ತಕದಿಂದಲ್ಲದೆ ಬಾಳಿನಿಂದಲೇ ಈ ನೀತಿಯನ್ನು ಅರಿತ ಒಂದು ಹಬ್ಬ ಭೀಮಾತೀರದಲ್ಲಿದೆ. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದ ಪೈರಿಗೆ ಚರಗ ಚೆಲ್ಲಿ, ಸಾಲಾಗಿ ಕುಳಿತು ಉಣ್ಣುತ್ತಾರೆ. ಹಲವು ಸೊಪ್ಪು, ಕಾಯಿ, ಕಾಳುಗಳನ್ನು ಕೂಡಿಸಿ ಮಾಡಿದ ಭಜ್ಜಿ ಆ ದಿನದ ವಿಶೇಷ. ಅಲ್ಲಿ ಮಗುವಿಗೆ ಯಾರೂ ಪೌಷ್ಟಿಕತೆಯ ಉಪದೇಶ ಮಾಡುವುದಿಲ್ಲ. ಅಜ್ಜ ತಿನ್ನುತ್ತಾನೆ, ಅಕ್ಕ ತಿನ್ನುತ್ತಾಳೆ, ಮಗುವೂ ತಿನ್ನುತ್ತದೆ. ಹುಳಿಯಾದ ಕಡಲೆಯ ಎಳೆ ಸೊಪ್ಪನ್ನು ತನ್ನ ಕೈಯಿಂದಲೇ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತದೆ.

ಪಟ್ಟಣದಲ್ಲಿರುವ ನಮಗೆ ಹೊಲವಿಲ್ಲ, ನಿಜ. ಆದರೆ ಕುಂಡದಲ್ಲಿ ಒಂದು ಹಿಡಿ ಮೆಂತ್ಯ ಬಿತ್ತಲು ಹೊಲವೇ ಬೇಕೆ? ವಾರಕ್ಕೊಮ್ಮೆ ಮಗುವನ್ನು ಸಂತೆಗೆ ಕರೆದೊಯ್ದು, ಒಂದು ತರಕಾರಿಯನ್ನು ಆರಿಸುವ ಹಕ್ಕನ್ನು ಅದಕ್ಕೆ ಕೊಡಬಹುದು. ಅವರೆಯನ್ನು ಸುಲಿಯಲು, ಸೊಪ್ಪನ್ನು ಬಿಡಿಸಲು ಕೂರಿಸಿಕೊಳ್ಳಬಹುದು. ಪಲ್ಯವನ್ನು ಬೂದು ಬಣ್ಣ ಬರುವಂತೆ ಬೇಯಿಸದೆ, ಅದರ ಬಣ್ಣ ಉಳಿಯುವಂತೆ ಇಳಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ತಟ್ಟೆಗೆ ಬಡಿಸಿದುದನ್ನು ತಂದೆತಾಯಿಗಳು ತಮ್ಮ ತಟ್ಟೆಗೂ ಬಡಿಸಿಕೊಳ್ಳಬೇಕು. ತಾವು ಬದಿಗೆ ಸರಿಸಿದ ಬದನೆಕಾಯಿಯನ್ನು ಮಗು ಆದರಿಸಬೇಕೆಂದು ಬಯಸುವುದು ನ್ಯಾಯವಲ್ಲ.