ಮನೆಯ ಮೇಲೆ ಸೋಲಾರ್: ಖರ್ಚೆಷ್ಟು, ಹುಟ್ಟುವಳಿ ಎಷ್ಟು?



ಕಳೆದ ತಿಂಗಳು ನಮ್ಮ ಹಿರಿಯ ಸದಸ್ಯೆಯೊಬ್ಬರು ಕಚೇರಿಗೆ ಬಂದು 1,20,000 ರೂಪಾಯಿ ಸಾಲ ಕೇಳಿದರು. ಮನೆಗೆ 3 ಕಿಲೋವಾಟ್ ಸೋಲಾರ್ ಹಾಕಿಸಲಿಕ್ಕೆ. "ಸರ್ಕಾರವೇ 78,000 ಕೊಡುತ್ತದಂತಲ್ಲ, ಬಿಡುವುದು ಯಾಕೆ?" ಎಂದರು.

"ಕರೆಂಟ್ ಬಿಲ್ಲು ತಿಂಗಳಿಗೆ ಎಷ್ಟು ಬರುತ್ತದೆ ಅಮ್ಮಾ?" ಎಂದೆ.

"ಬಿಲ್ಲೆಲ್ಲಿ ಬರುತ್ತದೆ? ಈಗ ಸೊನ್ನೆಯಲ್ಲವೇ!"

ಲೆಕ್ಕ ಶುರುವಾಗಬೇಕಾದದ್ದು ಇಲ್ಲಿಂದ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಆ ಮನೆಗೆ ಬಿಲ್ಲೇ ಇಲ್ಲ. ಇಲ್ಲದ ಬಿಲ್ಲನ್ನು ಉಳಿಸಲು ಸಾಲ ಮಾಡುವುದು ಹೇಗೆ? ಹೆಚ್ಚಾದ ವಿದ್ಯುತ್ತನ್ನು ಕಂಪನಿಗೆ ಮಾರಬಹುದು ನಿಜ. ಆದರೆ ಅದಕ್ಕೆ ಸಿಗುವ ದರ ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ. ಅದರಿಂದ ಬಡ್ಡಿ ತೀರುವುದೇ ಕಷ್ಟ.

ಹಾಗಾದರೆ ಯಾರಿಗೆ ಗಿಟ್ಟುತ್ತದೆ? ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುವವರಿಗೆ. ನನ್ನ ಮನೆಯದ್ದೇ ಹೇಳುತ್ತೇನೆ. ಗೀಸರ್, ಎರಡು ಫ್ರಿಜ್, ಬಾವಿಯ ಮೋಟಾರು ಎಲ್ಲ ಸೇರಿ ಸರಾಸರಿ 300 ಯೂನಿಟ್. (ಬಚ್ಚಲ ಹಂಡೆಗೆ ತೋಟದ ಸೌದೆ ಬೇಕಾದಷ್ಟಿದ್ದರೂ ಮಕ್ಕಳಿಗೆ ಗೀಸರೇ ಆಗಬೇಕು.) 2024ರ ಬೇಸಿಗೆಯಲ್ಲಿ 3 ಕಿಲೋವಾಟ್ ಹಾಕಿಸಿದೆ. ಒಟ್ಟು 1,95,000 ಆಯಿತು. ಪಿ.ಎಂ. ಸೂರ್ಯಘರ್ ಯೋಜನೆಯ ಸಹಾಯಧನ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000; ಅದರ ಮೇಲೆ ಎಷ್ಟು ಹಾಕಿಸಿದರೂ ಇಲ್ಲ. ಈ ಹಣ ಕೆಲಸ ಮುಗಿದು ಮೀಟರ್ ಜೋಡಣೆಯಾದ ಮೇಲೆ ಖಾತೆಗೆ ಬರುವಂಥದ್ದು. ಅಲ್ಲಿಯವರೆಗೆ ನಾವೇ ಹೊಂದಿಸಬೇಕು. ಕಳೆದು ನನ್ನ ಕೈಯಿಂದ ಹೋದದ್ದು 1,17,000.

ವರ್ಷಕ್ಕೆ ಬಂದ ವಿದ್ಯುತ್ ಸುಮಾರು 3,400 ಯೂನಿಟ್. ಮಾರ್ಚಿಯಲ್ಲಿ 400ರ ಹತ್ತಿರ, ಜುಲೈಯಲ್ಲಿ 150 ಸಹ ಇಲ್ಲ. ಬಯಲುಸೀಮೆಯ ಲೆಕ್ಕವನ್ನು ತಂದು ತೋರಿಸುವ ಮಾರಾಟಗಾರರು ನಮ್ಮ ಮಳೆಗಾಲವನ್ನು ಮರೆತಿರುತ್ತಾರೆ. ತೆರಿಗೆ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೆ ಉಳಿತಾಯ ವರ್ಷಕ್ಕೆ 22,000. ಹಾಕಿದ ಹಣ ಹಿಂದಿರುಗಲು ಐದು ವರ್ಷಕ್ಕೂ ಮೇಲೆ. ಸಾಲದ ಹಣವಾದರೆ ಬಡ್ಡಿಗೆಂದು ಇನ್ನೊಂದೆರಡು ವರ್ಷ ಸೇರಿಸಿ. ಫಲಕಗಳು 25 ವರ್ಷ ಬಾಳುತ್ತವೆ, ಆದರೆ ಇನ್ವರ್ಟರನ್ನು ನಡುವೆ ಒಮ್ಮೆಯಾದರೂ ಬದಲಿಸಬೇಕಾದೀತು.

ನನಗೆ ಯಾರೂ ಹೇಳದ ಸಂಗತಿ ಒಂದಿದೆ. ಮೊದಲ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ನಾಲ್ಕು ದಿನ ಲೈನ್ ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಳ್ಳೆ ಬಿಸಿಲು. ಮಾಡಿನ ಮೇಲೆ ಫಲಕ ಹೊಳೆಯುತ್ತಿದೆ, ಮನೆಯೊಳಗೆ ಮಿಕ್ಸಿ ತಿರುಗುವುದಿಲ್ಲ! ಮಾರಿದವರಿಗೆ ಫೋನು ಮಾಡಿದರೆ, "ಅದು ಹಾಗೆಯೇ ಸಾರ್" ಎಂದರು. ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದೆಂದೇ ಈ ವ್ಯವಸ್ಥೆ, ತಪ್ಪೇನಲ್ಲ. ಕತ್ತಲೆಗೆ ಪರಿಹಾರ ಬೇಕೆನ್ನುವವರು ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆ ಹಾಕಿಸಬೇಕು. ಅದಕ್ಕೆ ಹೆಚ್ಚುವರಿ ಲಕ್ಷದ ಆಸುಪಾಸು ತಗಲುತ್ತದೆ, ಬ್ಯಾಟರಿಗೆ ಕೇಂದ್ರದ ಸಹಾಯಧನವಿಲ್ಲ. ನಾಲ್ಕು ದೀಪ, ಒಂದು ಫ್ಯಾನು ಸಾಕೆನ್ನುವ ಮನೆಗೆ ಸಾಧಾರಣ ಇನ್ವರ್ಟರ್-ಬ್ಯಾಟರಿಯೇ ಅಗ್ಗ.

ನೆರಳನ್ನೂ ನೋಡಿಕೊಳ್ಳಿ. ಮನೆಯ ದಕ್ಷಿಣಕ್ಕೆ ಸಿಲ್ವರ್ ಓಕೋ ಎತ್ತರದ ಅಡಿಕೆ ಮರವೋ ಇದ್ದರೆ ಹುಟ್ಟುವಳಿ ಇಳಿಯುತ್ತದೆ. ಒಂದು ಫಲಕದ ಮೂಲೆಗೆ ಬಿದ್ದ ನೆರಳು ಸಾಲಿನ ಉಳಿದವನ್ನೂ ಎಳೆಯಬಹುದು. ಹಳೆಯ ಹಂಚಿನ ಮಾಡಾದರೆ ಪಕಾಸು, ರೀಪುಗಳನ್ನು ಬಡಗಿಗೆ ತೋರಿಸದೆ ಒಪ್ಪಂದಕ್ಕೆ ಸಹಿ ಹಾಕಬೇಡಿ.

ಆ ಹಿರಿಯರು ಅರ್ಜಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು. ನನ್ನ ಮೇಲೆ ಸ್ವಲ್ಪ ಮುನಿಸು ಇದ್ದಂತಿತ್ತು. ಸೋಲಾರ್ ಸಾಲಕ್ಕೆ ಬರುವ ಸದಸ್ಯರು ಇನ್ನು ಮುಂದೆ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಜೊತೆಗೆ ತರಬೇಕಾಗಿ ವಿನಂತಿ. ಕಚೇರಿಯಲ್ಲಿ ಕೂತು ಒಟ್ಟಿಗೆ ಲೆಕ್ಕ ಹಾಕೋಣ.

– ಕಾರ್ಯದರ್ಶಿ