ದಿಕ್ಕು ಮತ್ತು ಪಥ: ಎಳೆಯರ ಅಂಗಸಾಧನೆಯ ಎರಡು ಪಾಠಗಳು

ಪ್ರಾಥಮಿಕ ಶಾಲೆಯ ಅಂಗಸಾಧನೆಯು ಇತಿಹಾಸದ ಅಧ್ಯಾಪಕರು ಚರ್ಚಿಸತಕ್ಕ ವಿಷಯವೇ ಎಂದು ಕೆಲವರು ಶಂಕಿಸಬಹುದು. ಮಗುವಿನ ಚಲನೆಯ ದಿಕ್ಕನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆಗೂ ಒಂದು ಇತಿಹಾಸವುಂಟು. ಅದು ಇಂಗ್ಲೆಂಡಿನ ಸರಕಾರಿ ಪಾಠಕ್ರಮಗಳಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ನಾವು ಇದನ್ನು ಕೈಗೆತ್ತಿಕೊಂಡಿದ್ದೇವೆ.

ಮೊದಲು ಎರಡು ಪದಗಳ ಅರ್ಥವನ್ನು ಬೇರ್ಪಡಿಸಬೇಕು. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಎಂಬಿವು ಇಲ್ಲಿ ದಿಕ್ಕುಗಳು. ಮೂಡಲು ಪಡುವಲುಗಳಂತೆ ಇವು ಸ್ಥಿರವಾದವುಗಳಲ್ಲ. ಚಲಿಸುವವರ ಶರೀರವೇ ಇವಕ್ಕೆ ಆಧಾರ. ಪಥವೆಂದರೆ ನಡೆಯುವಾಗ ನೆಲದ ಮೇಲೆ ಮೂಡುವ, ಕಣ್ಣಿಗೆ ಕಾಣದ ಗೆರೆ. ಅದು ನೇರವಾಗಿರಬಹುದು, ಬಾಗಿರಬಹುದು, ಅಂಕುಡೊಂಕಾಗಿಯೂ ಇರಬಹುದು. ಒಂದೇ ವೃತ್ತದ ಮೇಲೆ ಮಗುವು ಮುಂದಕ್ಕೆ ಓಡಬಹುದು, ಹಿಂದಕ್ಕೆ ಹೆಜ್ಜೆಯಿಡಬಹುದು, ನಡುವನ್ನೇ ನೋಡುತ್ತ ಪಕ್ಕಕ್ಕೂ ಸರಿಯಬಹುದು. ಪಥ ಒಂದೇ, ದಿಕ್ಕು ಮೂರು. ಎರಡನ್ನೂ ಒಂದೇ ಪಾಠದಲ್ಲಿ ಬೆರೆಸಿ ಹೇಳಿದರೆ ಎಳೆಯರಿಗೆ ಯಾವುದೂ ತಿಳಿಯದು.

ಬೋಯರ್ ಯುದ್ಧದ ಕಾಲದಲ್ಲಿ (1899-1902) ಸೈನ್ಯ ಸೇರಬಂದ ಅನೇಕರು ದುರ್ಬಲರೆಂದು ಕಂಡುಬಂದುದರಿಂದ ಉಂಟಾದ ಕಳವಳದ ನಡುವೆ, 1902ರಲ್ಲಿ ಇಂಗ್ಲೆಂಡಿನ ಶಿಕ್ಷಣ ಮಂಡಳಿಯು ಸೈನಿಕ ಕವಾಯತನ್ನು ಆಧರಿಸಿದ ಮಾದರಿ ಪಾಠಕ್ರಮವೊಂದನ್ನು ಶಾಲೆಗಳಿಗೆ ಕೊಟ್ಟಿತು. ಕವಾಯತಿನಲ್ಲಿ ದಿಕ್ಕು ಆಜ್ಞಾಪಿಸುವವರ ಸ್ವತ್ತು. "ಬಲಕ್ಕೆ ತಿರುಗು" ಎಂದಾಗ ಪಕ್ಕದವನನ್ನು ನೋಡಿ ತಿರುಗಿದ ಬಾಲಕನೂ ಸರಿಯಾಗಿಯೇ ತಿರುಗಿದನೆಂದು ಲೆಕ್ಕ. ಆ ಪಾಠಕ್ರಮವು ಬಹುಬೇಗ ಟೀಕೆಗೊಳಗಾಯಿತು. ಅದರ ಸ್ಥಾನಕ್ಕೆ ಸ್ವೀಡನ್ನಿನ ಲಿಂಗ್ ಎಂಬಾತನ ಪದ್ಧತಿಯ ವ್ಯಾಯಾಮಗಳು ಬಂದವು. ಆದರೂ ಅಭ್ಯಾಸಗಳನ್ನು ಕೋಷ್ಟಕಗಳಾಗಿ ಜೋಡಿಸುವ ವಾಡಿಕೆ 1933ರ ಪಾಠಕ್ರಮದಲ್ಲಿಯೂ ಉಳಿಯಿತು.

ಬದಲಾವಣೆಗೆ ನೆರವಾದವರಲ್ಲಿ ನೃತ್ಯಾಚಾರ್ಯ ರುಡಾಲ್ಫ್ ಲಾಬಾನ್ (1879-1958) ಮುಖ್ಯನು. ನಾಟ್ಸಿ ಆಡಳಿತದಲ್ಲಿ ಮೊದಲು ಅಧಿಕಾರ ವಹಿಸಿ, ಬಳಿಕ ಅದರ ಅವಕೃಪೆಗೆ ಗುರಿಯಾದ ಈತನು 1938ರಲ್ಲಿ ಇಂಗ್ಲೆಂಡ್ ಸೇರಿದನು. (ಈ ಪೂರ್ವಚರಿತ್ರೆಯನ್ನು ಅವನ ಅಭಿಮಾನಿಗಳು ಮರೆಯುವುದುಂಟು.) ಶರೀರವು ಯಾವ ಅವಕಾಶದಲ್ಲಿ, ಎಷ್ಟು ವೇಗದಿಂದ, ಎಂತಹ ಬಲದಿಂದ ಚಲಿಸುತ್ತದೆಯೆಂಬ ವಿಶ್ಲೇಷಣೆ ಅವನದು. 1952 ಮತ್ತು 1953ರಲ್ಲಿ ಶಿಕ್ಷಣ ಸಚಿವಾಲಯವು ಪ್ರಕಟಿಸಿದ 'ಮೂವಿಂಗ್ ಅಂಡ್ ಗ್ರೋಯಿಂಗ್', 'ಪ್ಲಾನಿಂಗ್ ದ ಪ್ರೋಗ್ರಾಮ್' ಎಂಬ ಪುಸ್ತಕಗಳು 1933ರ ಪಾಠಕ್ರಮದ ಸ್ಥಾನವನ್ನು ಪಡೆದವು. ಚಲನೆಯನ್ನು ಆರಿಸಿಕೊಳ್ಳುವ ಅವಕಾಶ ಮಗುವಿಗೆ ದೊರೆಯಿತು.

ಬೋಧನೆಯಲ್ಲಿ ಎರಡು ತೊಡಕುಗಳುಂಟು. ಮಕ್ಕಳಿಗೆ ಎದುರಾಗಿ ನಿಂತ ಉಪಾಧ್ಯಾಯರು ಬಲಗೈ ಎತ್ತಿದರೆ ಅದು ಮಕ್ಕಳ ಎಡಬದಿಗೆ ಕಾಣುತ್ತದೆ. ಆದಕಾರಣ ಮಕ್ಕಳತ್ತ ಬೆನ್ನು ಮಾಡಿ ತೋರಿಸುವುದು ಮೇಲು. ಎರಡನೆಯದು ಸುಣ್ಣದ ಗೆರೆ. ಆರಂಭಕ್ಕೆ ಅದು ಬೇಕು, ನಿಜ. ಆದರೆ ವರ್ಷವಿಡೀ ಗೆರೆಯ ಮೇಲೆಯೇ ನಡೆಸಿದರೆ ಅದು ಮೌನವಾದ ಕವಾಯತೇ ಸರಿ. ನಮ್ಮ ಕುಂಟೆಬಿಲ್ಲೆಯಲ್ಲಿಯೂ ಗೆರೆಗಳಿವೆ. ಆದರೆ ಬಿಲ್ಲೆ ಬಿದ್ದ ಮನೆಯನ್ನು ದಾಟಿ, ತುದಿಯಲ್ಲಿ ತಿರುಗಿ, ಎಡಬಲ ಅದಲುಬದಲಾದ ಮನೆಗಳಲ್ಲಿ ಮರಳುವ ಲೆಕ್ಕವನ್ನು ಮಗುವೇ ಮಾಡಬೇಕು.

ಗೆರೆಯನ್ನಳಿಸಿದ ಮೇಲೆ ಮಗುವು ತಾನು ಓಡಿದ ಪಥವನ್ನು ಸ್ಲೇಟಿನ ಮೇಲೆ ಬರೆಯಲಿ; ಅದನ್ನು ನೋಡಿ ಮತ್ತೊಂದು ಮಗು ನಡೆಯಲಿ. ಹೊರಟ ಜಾಗವನ್ನು ಗುರುತಿಸದಿದ್ದರೆ ಎರಡನೆಯ ಮಗುವು ಬಹುಶಃ ತಪ್ಪು ತುದಿಯಿಂದ ಹೊರಡುತ್ತದೆ. ಆಗ ಮೊದಲನೆಯದು ಸ್ಲೇಟನ್ನು ಹಿಂದಕ್ಕೆ ಪಡೆದು, ಒಂದು ಚುಕ್ಕೆಯನ್ನೂ ಒಂದು ಬಾಣವನ್ನೂ ಸೇರಿಸಿಕೊಡುತ್ತದೆ.