ಕೋಲಾರದ ಹಸಿರು: ಉಪಗ್ರಹದ ಲೆಕ್ಕ, ಕಂಪ್ಯೂಟರಿನ ಲೆಕ್ಕ

ಒಂದು ಸೀಮೆಯಲ್ಲಿ ಎಷ್ಟು ಹಸಿರಿದೆ ಎಂದು ತಿಳಿಯಲು ಎರಡು ದಾರಿಗಳಿವೆ. ಮಳೆ, ಬಿಸಿಲು, ಮಣ್ಣಿನ ಗುಣ ಇಷ್ಟನ್ನು ಕೊಟ್ಟು ಎಲೆ ಎಷ್ಟು ಬೆಳೆದೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಒಂದು. ಇದು ಸಸ್ಯವರ್ಗ ಮಾದರಿ. ಉಪಗ್ರಹದಿಂದ ನೋಡುವುದು ಇನ್ನೊಂದು. ಎರಡನ್ನೂ ತಾಳೆ ನೋಡುವಾಗ ಕೆಲವು ತಪ್ಪು ಕಲ್ಪನೆಗಳು ಅಡ್ಡ ಬರುತ್ತವೆ.

ತಪ್ಪು ಕಲ್ಪನೆ: ಉಪಗ್ರಹ ಹೇಳಿದ್ದು ಕಣ್ಣಾರೆ ಕಂಡ ಸತ್ಯ.
ಸತ್ಯ: ಉಪಗ್ರಹಕ್ಕೆ ಸಿಗುವುದು ನೆಲದಿಂದ ಮರಳಿದ ಬೆಳಕು ಮಾತ್ರ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪನ್ನು ಹಿಂದಕ್ಕೆ ಕಳಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎನ್‌ಡಿವಿಐ. ಉದಾಹರಣೆಗೆ, ಕೆಂಪು 5 ಪಾಲು, ಅವಕೆಂಪು 45 ಪಾಲು ಮರಳಿದರೆ 0.8, ಉತ್ತು ಬಿಟ್ಟ ಕೆಮ್ಮಣ್ಣಿನ ಹೊಲದಿಂದ 20 ಮತ್ತು 25 ಪಾಲು ಮರಳಿದರೆ 0.11. ಎಲೆಗಳ ವಿಸ್ತೀರ್ಣ ಬೇಕೆಂದರೆ ಈ ಬೆಳಕಿನ ಅಂಕಿಗಳನ್ನು ಮತ್ತೊಂದು ಮಾದರಿಗೆ ಉಣಿಸಬೇಕು. ಅಂದರೆ ‘ಅಳತೆ’ಯ ಹೊಟ್ಟೆಯಲ್ಲೂ ಒಂದು ಮಾದರಿ ಅಡಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ದಟ್ಟ ಮಾವಿನ ತೋಪಿನಲ್ಲಿ ಎಲೆ ಇನ್ನಷ್ಟು ಹೆಚ್ಚಿದರೂ ಎನ್‌ಡಿವಿಐ ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲುತ್ತದೆ. ಇನ್ನು ರಾಗಿ ಪೈರು ಹಸಿರೇರುವ ಮಳೆಗಾಲದಲ್ಲೇ ಮೋಡ ಮುಸುಕಿ ಚಿತ್ರ ಸಿಗುವುದು ದುರ್ಲಭ.

ತಪ್ಪು ಕಲ್ಪನೆ: ಎರಡೂ ತಾಳೆಯಾಗದಿದ್ದರೆ ಮಾದರಿ ಕೆಟ್ಟದ್ದು.
ಸತ್ಯ: ಕೋಲಾರದ ಮಟ್ಟಿಗೆ ಈ ತಾಳೆಯಾಗದ ಭಾಗವೇ ಹೆಚ್ಚು ಮಾತಾಡುತ್ತದೆ. ಮಾರ್ಚ್ ತಿಂಗಳ ಉರಿಬಿಸಿಲಲ್ಲಿ ಮಳೆಯಷ್ಟನ್ನೇ ನಂಬಿದ ಮಾದರಿ ಹೊಲ ಒಣಗಿದೆ ಎನ್ನುತ್ತದೆ. ಉಪಗ್ರಹಕ್ಕೆ ಕಾಣುವುದು ಕೊಳವೆಬಾವಿಯ ನೀರುಂಡು ನಿಂತ ಟೊಮೆಟೊ, ಹಿಪ್ಪುನೇರಳೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮಳೆಯ ಖಾತೆಯಲ್ಲಿ ಆ ನೀರಿಗೆ ಜಾಗವೇ ಇಲ್ಲ. ಮಾದರಿಯಲ್ಲಿ ದೋಷ ಇರಬಹುದು, ನಿಜ. ಆದರೆ ನೀರಾವರಿಯನ್ನು ಲೆಕ್ಕಕ್ಕೆ ಹಿಡಿಯದೆ ಅದನ್ನು ದೂರುವುದು ಅವಸರದ ತೀರ್ಪು.

ತಪ್ಪು ಕಲ್ಪನೆ: ಎರಡೂ ಒಂದೇ ಜಾಗವನ್ನು ನೋಡುತ್ತವೆ.
ಸತ್ಯ: ಜಾಗತಿಕ ಮಾದರಿಗಳಲ್ಲಿ ಅರ್ಧ ಡಿಗ್ರಿಯ ಚೌಕ ಸಾಮಾನ್ಯ. ಇಲ್ಲಿ ಅದು ಸುಮಾರು 3,000 ಚದರ ಕಿ.ಮೀ.; ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳು ಮೂರೂ ಒಂದೇ ಚೌಕದಲ್ಲಿ ಹಿಡಿಯುತ್ತವೆ. ಉಪಗ್ರಹದಲ್ಲಿರುವ ಮಾಡಿಸ್ ಎಂಬ ಉಪಕರಣದ 250 ಮೀಟರ್ ಚೌಕ ಸುಮಾರು 15 ಎಕರೆ: ರಾಗಿ ಹೊಲ, ಬದು, ನಾಲ್ಕು ಹುಣಸೆ ಮರ, ಬೀಳು ಎಲ್ಲ ಸೇರಿ ಒಂದೇ ಸಂಖ್ಯೆ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚೌಕವಾದರೆ ಹೆಚ್ಚುಕಡಿಮೆ ಒಂದು ಗುಂಟೆ. ಹೀಗಾಗಿ ಚಿಕ್ಕ ಚೌಕಗಳನ್ನು ಮೊದಲು ಸರಾಸರಿಗೆ ತಂದು ಆಮೇಲೆ ಹೋಲಿಸಬೇಕು.

ತಪ್ಪು ಕಲ್ಪನೆ: ಹಸಿರು ಹೆಚ್ಚಿದರೆ ಕಾಡು ಹೆಚ್ಚಿದಂತೆ.
ಸತ್ಯ: ಮಾಲೂರು ಕಡೆಯ ನೀಲಗಿರಿ ತೋಪು ಬೇಸಿಗೆಯಲ್ಲೂ ಹಸಿರೇ. ಭಾರತೀಯ ಅರಣ್ಯ ಸಮೀಕ್ಷೆಯ ವ್ಯಾಖ್ಯೆಯಂತೆ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ರಷ್ಟಾದರೂ ಮರದ ನೆರಳಿರುವ ನೆಲವೆಲ್ಲ ಅರಣ್ಯ ಹೊದಿಕೆ. ಮರ ಯಾವುದು, ಜಮೀನು ಯಾರದು ಎಂದು ಅದು ಕೇಳುವುದಿಲ್ಲ. ಅಂತರ್ಜಲದ ಕಾರಣಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿದ ನೀಲಗಿರಿಯೂ ಈ ಲೆಕ್ಕದಲ್ಲಿ ಅರಣ್ಯ ಹೊದಿಕೆಯೇ. ಮಾಡಿಸ್ ಅಂಕಿಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ ಹೆಚ್ಚಿದ ಹಸಿರಿನಲ್ಲಿ ಶೇ 82ರಷ್ಟು ಬೆಳೆ ಜಮೀನಿನದು. ಕಾಡಿನ ಪಾಲು ಶೇ 4.4.